ಅಂಕಿಗಳಿಗೆ ಮೊದಲು ಪ್ರಶ್ನೆ: ಘಟ್ಟದ ಮೇಲಿನ ತಾಲೂಕುಗಳ ಜನಸಂಖ್ಯಾವಿಚಾರವನ್ನು ಕುರಿತ ಒಂದು ವಿಮರ್ಶೆ

೧

ಇತಿಹಾಸದ ಅಭ್ಯಾಸದಲ್ಲಿ ಸಂಖ್ಯಾಶಾಸ್ತ್ರದ ನೆರವನ್ನು ಪಡೆಯುವುದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಶಾಸನಪಾಠಗಳಿಗೂ ಕೈಫಿಯತ್ತುಗಳಿಗೂ ಸಲ್ಲುತ್ತಿದ್ದ ಸ್ಥಾನವನ್ನು ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇಂದು ಕೋಷ್ಟಕಗಳು ಪಡೆದುಕೊಂಡಿವೆ. ಜನಗಣತಿಯ ವರದಿಗಳು, ಕಂದಾಯದ ದಾಖಲೆಗಳು, ಜನನಮರಣಗಳ ಪಟ್ಟಿಗಳು ಇವೆಲ್ಲ ಇತಿಹಾಸಕಾರನ ಆಕರಗಳಾಗಿರುವುದು ಸಂತೋಷದ ವಿಷಯವೇ ಸರಿ. ಅರಸರ ವಂಶಾವಳಿಯಲ್ಲಿ ಹೆಸರಿಲ್ಲದ ಸಾಮಾನ್ಯ ಜನರು ಇಂಥ ಆಕರಗಳಲ್ಲಾದರೂ ಒಂದು ಸಂಖ್ಯೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ. ಗಣಕಯಂತ್ರದ ಬಳಕೆಯಿಂದಾಗಿ, ಹಿಂದೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಸರಾಸರಿ, ಶೇಕಡಾವಾರು, ಸಹಸಂಬಂಧಗಳ ಲೆಕ್ಕವು ಈಗ ಕೆಲವೇ ನಿಮಿಷಗಳಲ್ಲಿ ದೊರೆಯುತ್ತದೆ.

ಆದರೆ ಈ ಸೌಲಭ್ಯದೊಡನೆ ಒಂದು ದೋಷವೂ ಬೆಳೆದುಬಂದಿದೆ. ಏನನ್ನು ತಿಳಿಯಬೇಕಾಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳುವ ಮೊದಲೇ ಲೆಕ್ಕ ಹಾಕತೊಡಗುವುದೇ ಆ ದೋಷ. ಪ್ರಬಂಧದ ಮೊದಲ ಅಧ್ಯಾಯದಲ್ಲಿ ‘ಸಮಸ್ಯೆಯ ನಿರೂಪಣೆ’ ಎಂಬ ಶೀರ್ಷಿಕೆಯೇನೋ ಇರುತ್ತದೆ. ಅದರ ಕೆಳಗೆ ಇರುವುದು ವಿಷಯದ ಹೆಸರು ಮಾತ್ರ. ವಿಷಯಕ್ಕೂ ಸಮಸ್ಯೆಗೂ ಇರುವ ವ್ಯತ್ಯಾಸವನ್ನು ನಾವು, ಎಂದರೆ ಅಧ್ಯಾಪಕರು, ವಿದ್ಯಾರ್ಥಿಗಳಿಗೆ ಮನಗಾಣಿಸಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಲೋಪವನ್ನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳ ಜನಸಂಖ್ಯೆಯ ಪ್ರಶ್ನೆಯನ್ನು ಉದಾಹರಣೆಯಾಗಿಟ್ಟುಕೊಂಡು ಪರಿಶೀಲಿಸಬಯಸುತ್ತೇವೆ. ಈ ವಿಮರ್ಶೆಯು ಮೊದಲು ನಮಗೇ ಅನ್ವಯಿಸುವುದರಿಂದ ನಮ್ಮ ತಪ್ಪಿನಿಂದಲೇ ಆರಂಭಿಸುವುದು ನ್ಯಾಯ.

೨

ಸಿದ್ದಾಪುರ ತಾಲೂಕಿನ ಹೆಗ್ಗರಣೆಯು ಅಘನಾಶಿನಿ ನದಿಯ ಕಣಿವೆಗೆ ಸಮೀಪದ ಊರು. ೧೧೬ ಮೀಟರು ಎತ್ತರದ ಉಂಚಳ್ಳಿ ಜಲಪಾತವನ್ನು ನೋಡಹೋಗುವವರು ಈ ಊರಿನ ಹೆಸರನ್ನು ಕೇಳಿರುತ್ತಾರೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒತ್ತಾಗಿ ನಿಂತಿಲ್ಲ. ಅಡಿಕೆಯ ತೋಟವಿರುವ ಒಂದೊಂದು ಕಣಿವೆಯ ಅಂಚಿನಲ್ಲಿ ನಾಲ್ಕಾರು ಮನೆಗಳು, ಅವುಗಳ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾಡು. ಮತ್ತೊಂದು ಕಣಿವೆಗೆ ಇಳಿದರೆ ಮತ್ತೆ ನಾಲ್ಕಾರು ಮನೆಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಬಹುಭಾಗದಲ್ಲಿ ವಸತಿಯ ಸ್ವರೂಪ ಇದೇ.

ನಮ್ಮ ಮಾರ್ಗದರ್ಶನದಲ್ಲಿದ್ದ ವಿದ್ಯಾರ್ಥಿಯೊಬ್ಬರು ಈ ಪರಿಸರದ ಜನಸಂಖ್ಯೆಯ ಇಳಿತಕ್ಕೆ ಕಾರಣಗಳನ್ನು ಶೋಧಿಸುವೆನೆಂದು ವಿಷಯವನ್ನು ಮಂಡಿಸಿದರು. ಶೀರ್ಷಿಕೆ ಆಕರ್ಷಕವಾಗಿತ್ತು, ನಾವು ಒಪ್ಪಿಗೆಯಿತ್ತೆವು. ‘ಇಳಿತ’ವೆಂಬುದನ್ನು ಆ ಶೀರ್ಷಿಕೆಯೇ ಸಿದ್ಧವಸ್ತುವಾಗಿ ಗ್ರಹಿಸಿಬಿಟ್ಟಿದೆಯೆಂಬುದು ಆಗ ನಮ್ಮ ಗಮನಕ್ಕೆ ಬರಲಿಲ್ಲ. ನಾಲ್ಕು ಪುಟಗಳ ಪ್ರಶ್ನಾವಳಿಯೊಂದು ಸಿದ್ಧವಾಯಿತು. ಅದರ ಮೊದಲನೆಯ ಪ್ರಶ್ನೆ, ‘ನಿಮ್ಮ ಮನೆಯಲ್ಲಿ ಎಷ್ಟು ಜನರಿದ್ದಾರೆ?’ ಎಂಬುದು.

ಹೆಗ್ಗರಣೆಯ ಸಮೀಪದ ಮನೆಯೊಂದರ ಜಗುಲಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ವಯಸ್ಸಾದ ಗೃಹಿಣಿಯೊಬ್ಬರು ನಮ್ಮ ವಿದ್ಯಾರ್ಥಿಯನ್ನು ಮರುಪ್ರಶ್ನಿಸಿದರು: “ಯಾವ ಲೆಕ್ಕ ಬೇಕು ತಮಾ? ಇವತ್ತು ಉಂಬವರದ್ದೋ, ಚೌತಿಗೆ ಬಪ್ಪವರದ್ದೋ?” ಆ ದಿನ ಆ ಮನೆಯಲ್ಲಿ ಉಣ್ಣುವವರು ಮೂವರು. ಚೌತಿಯ ಹಬ್ಬಕ್ಕೆ ಬೆಂಗಳೂರು, ಹುಬ್ಬಳ್ಳಿಗಳಿಂದ ಬಂದು ಸೇರುವವರನ್ನೂ ಎಣಿಸಿದರೆ ಹದಿಮೂರು ಜನ. ಇನ್ನು ತೋಟದ ಪಹಣಿಯಲ್ಲಿ ಹೆಸರಿರುವವರನ್ನು ನೋಡಿದರೆ ಮೂರನೆಯ ಒಂದು ಸಂಖ್ಯೆ ಬರುತ್ತದೆ. ಅವರಲ್ಲಿ ಇಬ್ಬರು ತೀರಿಕೊಂಡು ಬಹುಕಾಲವಾಗಿತ್ತು. ನಮ್ಮ ವಿದ್ಯಾರ್ಥಿಯು ಕೆಲವು ಮನೆಗಳಲ್ಲಿ ಮೊದಲನೆಯ ಲೆಕ್ಕವನ್ನೂ ಕೆಲವು ಮನೆಗಳಲ್ಲಿ ಎರಡನೆಯದನ್ನೂ ಬರೆದುಕೊಂಡಿದ್ದರು. ಯಾರೂ ಇಲ್ಲದೆ ಬೀಗ ಹಾಕಿದ್ದ ಮನೆಗಳಿಗೆ ನೆರೆಯವರನ್ನು ಕೇಳಿ ಮೂರನೆಯದನ್ನು ತುಂಬಿದ್ದರು. ಹೀಗೆ ಕೂಡಿಬಂದ ಮೊತ್ತವನ್ನು ಹಳೆಯ ಜನಗಣತಿಯ ಮೊತ್ತದೊಡನೆ ಹೋಲಿಸಿ ‘ಇಳಿತ’ದ ಪ್ರಮಾಣವನ್ನು ಎರಡು ದಶಮಾಂಶಸ್ಥಾನಗಳವರೆಗೆ ಕಂಡುಹಿಡಿದಿದ್ದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಸಂಖ್ಯೆಯು ಯಾವ ಪ್ರಶ್ನೆಗೂ ಉತ್ತರವಾಗಿರಲಿಲ್ಲ. ಒಂದು ವರ್ಷದ ಶ್ರಮದಲ್ಲಿ ಹೆಚ್ಚಿನ ಭಾಗವನ್ನು ಕೈಬಿಡಬೇಕಾಯಿತು. ಈ ನಷ್ಟಕ್ಕೆ ವಿದ್ಯಾರ್ಥಿಗಿಂತ ನಾವೇ ಹೊಣೆಗಾರರು. ಆ ಗೃಹಿಣಿಯು ಜಗುಲಿಯಲ್ಲಿ ಕೇಳಿದ ಪ್ರಶ್ನೆಯನ್ನು ನಾವು ವಿಭಾಗದ ಕೊಠಡಿಯಲ್ಲಿ, ಪ್ರಶ್ನಾವಳಿ ಅಚ್ಚಾಗುವ ಮೊದಲು, ಕೇಳಬೇಕಾಗಿತ್ತು.

೩

ಹಳೆಯ ಜನಗಣತಿಯ ಸಂಖ್ಯೆಗಳಾದರೂ ಯಾವ ಪ್ರಶ್ನೆಗೆ ಉತ್ತರವಾಗಿದ್ದವು? ನಮ್ಮ ಹಿರಿಯರು ಜನಗಣತಿಗೆ ‘ಖಾನೇಸುಮಾರಿ’ ಎನ್ನುತ್ತಿದ್ದರು. ಪಾರಸಿಯಿಂದ ಬಂದ ಈ ಮಾತಿಗೆ ಮನೆಗಳ ಎಣಿಕೆ ಎಂದರ್ಥ. ಆದರೆ ೧೮೮೧ರಿಂದ ೧೯೩೧ರವರೆಗಿನ ಗಣತಿಗಳು ಮುಖ್ಯವಾಗಿ ಎಣಿಸಿದ್ದು ಒಂದು ಗೊತ್ತಾದ ರಾತ್ರಿಯಲ್ಲಿ ಒಂದು ಸ್ಥಳದಲ್ಲಿ ಹಾಜರಿದ್ದ ಜನರನ್ನು. ಕೆಲವು ವಾರಗಳ ಮೊದಲೇ ಪ್ರಾಥಮಿಕ ಪಟ್ಟಿಯನ್ನು ಸಿದ್ಧಪಡಿಸಿ, ಗಣತಿಯ ರಾತ್ರಿ ಮನೆಮನೆಗೆ ಹೋಗಿ, ಇಲ್ಲದವರ ಹೆಸರನ್ನು ಹೊಡೆದುಹಾಕಿ, ಹೊಸದಾಗಿ ಬಂದವರ ಹೆಸರನ್ನು ಸೇರಿಸುವ ಪದ್ಧತಿ ಆಗ ರೂಢಿಯಲ್ಲಿತ್ತು. ಅತಿಥಿಯೂ ಕೂಲಿಗಾಗಿ ಬಂದವನೂ ಆ ರಾತ್ರಿ ಎಲ್ಲಿದ್ದರೋ ಅಲ್ಲಿಯ ಲೆಕ್ಕಕ್ಕೆ ಸೇರಿದರು. ೧೯೪೧ರಲ್ಲಿ ಈ ಏಕರಾತ್ರಿಯ ಪದ್ಧತಿಯನ್ನು ಕೈಬಿಡಲಾಯಿತು. ಆದ್ದರಿಂದ ೧೯೩೧ಕ್ಕೆ ಹಿಂದಿನ ಸಂಖ್ಯೆಯನ್ನೂ ಈಚಿನ ಸಂಖ್ಯೆಯನ್ನೂ ವಿಚಾರಮಾಡದೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸಾಧುವಲ್ಲ.

ಘಟ್ಟದ ಮೇಲಿನ ತಾಲೂಕುಗಳಲ್ಲಿ ಈ ವಿಚಾರಕ್ಕೆ ವಿಶೇಷವಾದ ಮಹತ್ವವಿದೆ. ಅಡಿಕೆಯ ಕೊನೆಕೊಯ್ಲು ಕಾರ್ತಿಕದ ಸುಮಾರಿಗೆ ಆರಂಭವಾಗಿ ಮಾಘ, ಫಾಲ್ಗುಣಗಳವರೆಗೂ ನಡೆಯುತ್ತದೆ. ಮಳೆ ನಿಂತ ಮೇಲೆ ಕರಾವಳಿಯ ಕೂಲಿಕಾರರು ಘಟ್ಟವೇರಿ ಬಂದು, ಕೆಲಸ ತೀರಿದ ಮೇಲೆ ಇಳಿದುಹೋಗುವುದು ಈ ಭಾಗದ ಹಳೆಯ ರೂಢಿ. ಗಣತಿಯ ರಾತ್ರಿಯಾದರೋ ಎಲ್ಲ ದಶಕಗಳಲ್ಲಿಯೂ ಒಂದೇ ದಿನ ಬಂದಿಲ್ಲ. ೧೮೮೧ರಲ್ಲಿ ಅದು ಫೆಬ್ರುವರಿ ೧೭. ೧೮೯೧ರಲ್ಲಿ ಫೆಬ್ರುವರಿ ೨೬. ೧೯೦೧ರಲ್ಲಿ ಮಾರ್ಚ್ ೧. ೧೯೧೧ರಲ್ಲಿ ಮಾರ್ಚ್ ೧೦. ೧೯೨೧ರಲ್ಲಿ ಮಾರ್ಚ್ ೧೮. ನಾಲ್ವತ್ತು ವರ್ಷಗಳಲ್ಲಿ ಎಣಿಕೆಯ ದಿನವು ಸುಗ್ಗಿಯ ನಡುವಿನಿಂದ ಸುಗ್ಗಿಯ ಕೊನೆಯ ಕಡೆಗೆ ಒಂದು ತಿಂಗಳಷ್ಟು ಸರಿದಿದೆ. ಘಟ್ಟದ ಮೇಲಿನ ಲೆಕ್ಕದಲ್ಲಿ ಕಂಡುಬರುವ ಇಳಿತದ ಒಂದಂಶವು ಜನರು ಸತ್ತುದರ ಅಥವಾ ಊರು ಬಿಟ್ಟುದರ ಗುರುತಾಗಿರದೆ, ಕೂಲಿಕಾರರು ಆಗಲೇ ಘಟ್ಟ ಇಳಿದಿದ್ದುದರ ಗುರುತಾಗಿರಬಹುದೆ? ಇದು ನಮ್ಮ ನಿರ್ಣಯವಲ್ಲ. ನಿರ್ಣಯಕ್ಕೆ ಮೊದಲು ಪರೀಕ್ಷಿಸಲೇಬೇಕಾದ ಒಂದು ಸಾಧ್ಯತೆ.

ಈ ಸಾಧ್ಯತೆಯನ್ನು ಜನ್ಮಸ್ಥಳದ ಕೋಷ್ಟಕದಿಂದ ಪರೀಕ್ಷಿಸಬಹುದೆಂದು ವಿದ್ಯಾರ್ಥಿಗಳಿಗೆ ತೋರುವುದು ಸಹಜ. ಆದರೆ ಆ ಕೋಷ್ಟಕಗಳಲ್ಲಿ ಜನ್ಮಸ್ಥಳವನ್ನು ಜಿಲ್ಲೆಯ ಮಟ್ಟದಲ್ಲಿ ವಿಂಗಡಿಸಲಾಗಿದೆ. ಕುಮಟೆಯಲ್ಲಿ ಹುಟ್ಟಿ ಸಿದ್ದಾಪುರದಲ್ಲಿ ಎಣಿಕೆಗೆ ಸಿಕ್ಕವನು ಅಲ್ಲಿ ‘ಜಿಲ್ಲೆಯಲ್ಲಿಯೇ ಹುಟ್ಟಿದವನು’. ಘಟ್ಟ ಹತ್ತಿ ಇಳಿಯುವ ಈ ಸಂಚಾರವು ಅಚ್ಚಾದ ಕೋಷ್ಟಕದಲ್ಲಿ ಮರೆಯಾಗಿಹೋಗುತ್ತದೆ. ನಮ್ಮ ಪ್ರಶ್ನೆಗೆ ಯಾವ ಕೋಷ್ಟಕವು ಉತ್ತರಿಸಲಾರದೆಂಬುದನ್ನು ಮೊದಲೇ ಅರಿತರೆ ಅದರ ಮೇಲೆ ವ್ಯರ್ಥವಾಗುವ ಕಾಲವಾದರೂ ಉಳಿಯುತ್ತದೆ.

೪

ಜಿಲ್ಲೆಯ ಒಟ್ಟು ಸಂಖ್ಯೆಯನ್ನು ತೆಗೆದುಕೊಂಡರೆ ಬೇರೊಂದು ಬಗೆಯ ಭ್ರಾಂತಿ ಉಂಟಾಗುತ್ತದೆ. ಮುಂಬಯಿ ಆಧಿಪತ್ಯಕ್ಕೆ ೧೮೬೨ರಲ್ಲಿ ಸೇರಿದ ಉತ್ತರ ಕೆನರಾ ಜಿಲ್ಲೆಯಲ್ಲಿ ೧೮೯೧ರಲ್ಲಿ ೪,೪೬,೩೫೧ ಜನರೂ ೧೯೦೧ರಲ್ಲಿ ೪,೫೪,೪೯೦ ಜನರೂ ಇದ್ದರು. ಹತ್ತು ವರ್ಷಗಳ ಹೆಚ್ಚಳ ಶೇಕಡಾ ೧.೮ ಮಾತ್ರ. ಅನಂತರದ ಎರಡು ಗಣತಿಗಳಲ್ಲಿ ಒಟ್ಟು ಸಂಖ್ಯೆಯೇ ಇಳಿಯಿತು. ಆದರೆ ‘ಜಿಲ್ಲೆ’ಯೆಂಬುದು ಇಲ್ಲಿ ಒಂದೇ ಬಗೆಯ ಪ್ರದೇಶವಲ್ಲ. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಕರಾವಳಿಯ ಜೀವನಕ್ಕೂ ಘಟ್ಟದ ಮೇಲಿನ ಜೀವನಕ್ಕೂ ಬೆಳೆ, ಹವೆ, ರೋಗ, ವ್ಯಾಪಾರ ಎಲ್ಲದರಲ್ಲಿಯೂ ಅಂತರವಿದೆ. ಇವೆರಡನ್ನೂ ಕೂಡಿಸಿ ತೆಗೆದ ಸರಾಸರಿಯು ಎರಡರಲ್ಲಿ ಯಾವುದರ ಸ್ಥಿತಿಯನ್ನೂ ಹೇಳುವುದಿಲ್ಲ.

ಈ ಇಳಿತಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳನ್ನು ಹೇಳುವುದುಂಟು: ಮಲೇರಿಯ, ೧೮೭೮ರ ಅರಣ್ಯ ಶಾಸನದ ತರುವಾಯ ಬಿಗಿಯಾದ ಕಾಡಿನ ನಿರ್ಬಂಧಗಳು, ರೈಲುಮಾರ್ಗವು ಒಳನಾಡಿನ ವ್ಯಾಪಾರವನ್ನು ಕುಮಟೆ ಮೊದಲಾದ ಬಂದರುಗಳಿಂದ ಬೇರೆಡೆಗೆ ಸೆಳೆದದ್ದು, ಮತ್ತು ೧೯೧೮ರ ಇನ್‌ಫ್ಲುಯೆಂಜಾ. ಪ್ರಬಂಧಗಳಲ್ಲಿ ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದು, ಕೆಳಗೆ ಕೋಷ್ಟಕವನ್ನಿಟ್ಟು, ‘ಮೇಲಿನ ಕಾರಣಗಳಿಂದಾಗಿ’ ಎಂದು ಮುಗಿಸಲಾಗುತ್ತದೆ. ಸಮಸ್ಯೆಯನ್ನು ಕಾಲಕ್ಕೆ ಬದ್ಧಗೊಳಿಸಿದ ಕೂಡಲೇ ಈ ಪಟ್ಟಿಯು ಸಡಿಲವಾಗುತ್ತದೆ. ೧೯೦೧ರಿಂದ ೧೯೧೧ರವರೆಗಿನ ಇಳಿತಕ್ಕೆ ೧೯೧೮ರ ರೋಗವು ಕಾರಣವಾಗಲಾರದು. ಕಾಡಿನ ನಿರ್ಬಂಧವೂ ರೈಲ್ವೆಯ ಪರಿಣಾಮವೂ ೧೯೦೧ಕ್ಕೆ ಮುಂಚೆಯೇ ಆರಂಭವಾಗಿದ್ದವು. ಹಾಗಿದ್ದರೆ ೧೯೦೧ರವರೆಗೆ ಒಟ್ಟು ಸಂಖ್ಯೆಯು ಅಲ್ಪವಾಗಿಯಾದರೂ ಏಕೆ ಏರಿತು ಎಂಬುದನ್ನು ಹೇಳಬೇಕಾಗುತ್ತದೆ. ಮಲೇರಿಯವಂತೂ ಹಳೆಯ ರೋಗ. ಯಾವಾಗಲೂ ಇದ್ದ ಕಾರಣವು ಒಂದು ದಶಕದಲ್ಲಿ ಮಾತ್ರ ಹೊಸ ಪರಿಣಾಮವನ್ನು ಮಾಡಿತೆನ್ನುವವನು ಆ ದಶಕದಲ್ಲಿ ಅದು ಉಲ್ಬಣಿಸಿತೆಂಬುದನ್ನು ಬೇರೆಯಾಗಿ ತೋರಿಸಬೇಕು.

ಹಾಗೆ ತೋರಿಸಲು ಮರಣದ ಪಟ್ಟಿಗಳ ಮೊರೆಹೊಗುವವರು ಮತ್ತೊಂದು ತೊಡಕನ್ನು ಎದುರಿಸಬೇಕಾಗುತ್ತದೆ. ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಗ್ರಾಮಾಧಿಕಾರಿಗಳು ಮರಣಗಳನ್ನು ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮುಂತಾದ ಕೆಲವೇ ಶೀರ್ಷಿಕೆಗಳಲ್ಲಿ ದಾಖಲಿಸುತ್ತಿದ್ದರು. ವೈದ್ಯನ ಪರೀಕ್ಷೆಯಿಲ್ಲದೆ ಬರೆದ ‘ಜ್ವರ’ವೆಂಬ ಅಂಕಣದಲ್ಲಿ ಮಲೇರಿಯದೊಡನೆ ವಿಷಮಶೀತಜ್ವರವೂ ಬಾಣಂತಿಯರ ಜ್ವರವೂ ಎದೆಯ ರೋಗಗಳೂ ಸೇರಿಕೊಂಡಿವೆ. ಈ ಅಂಕಣವನ್ನು ‘ಮಲೇರಿಯದಿಂದಾದ ಮರಣ’ವೆಂದು ತಲೆಬರೆಹ ಬದಲಿಸಿ ಅಚ್ಚುಮಾಡುವುದು ಆಕರವನ್ನು ತಿದ್ದಿದಂತೆಯೇ. ಶಾಸನದ ಒಂದಕ್ಷರವನ್ನು ಹೀಗೆ ಬದಲಿಸಿದವನನ್ನು ನಾವು ಕ್ಷಮಿಸುವುದಿಲ್ಲ. ಕೋಷ್ಟಕದ ತಲೆಬರೆಹವನ್ನು ಬದಲಿಸಿದವನನ್ನು ಏಕೆ ಕ್ಷಮಿಸಬೇಕು?

ಇದೇ ಜಿಲ್ಲೆಯಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಮೇಲ್ಪಂಕ್ತಿಯೂ ಇದೆ. ಮುಂಬಯಿ ಪ್ರಾಂತದ ಮಲೇರಿಯತಜ್ಞರಾದ ಡಿ. ಕೆ. ವಿಶ್ವನಾಥನ್ ಅವರು ೧೯೪೦ರ ದಶಕದ ಉತ್ತರಾರ್ಧದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಣೆಯ ಕಾರ್ಯವನ್ನು ನಡೆಸಿದರು. ೧೯೫೩ರಲ್ಲಿ ದೇಶದಾದ್ಯಂತ ಕೈಗೊಂಡ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಅನುಭವಗಳು ಆಧಾರವಾದವು. ‘ಜ್ವರ ಕಡಿಮೆಯಾಯಿತೆ?’ ಎಂಬ ಸಡಿಲವಾದ ಪ್ರಶ್ನೆಗೆ ಆ ಕಾಲದ ತಜ್ಞರು ತೃಪ್ತರಾಗಿರಲಿಲ್ಲ. ಮಕ್ಕಳಲ್ಲಿ ಗುಲ್ಮವು ಊದಿಕೊಂಡವರ ಪ್ರಮಾಣವೆಷ್ಟು, ರಕ್ತದಲ್ಲಿ ರೋಗಾಣುವಿರುವವರ ಪ್ರಮಾಣವೆಷ್ಟು, ಸಿಂಪಡಿಸಿದ ಊರಿಗೂ ಸಿಂಪಡಿಸದ ಊರಿಗೂ ಇರುವ ಅಂತರವೆಷ್ಟು ಎಂದು ಅವರು ಕೇಳುತ್ತಿದ್ದರು. ಕೈಯಿಂದ ಮುಟ್ಟಿ ನೋಡಬಹುದಾದ, ಬೇರೊಬ್ಬರು ಮತ್ತೆ ಪರೀಕ್ಷಿಸಬಹುದಾದ ಪ್ರಶ್ನೆಗಳು ಇವು. ಆದರೆ ಸಿಂಪಡಣೆಯ ಅನಂತರದ ದಶಕಗಳಲ್ಲಿ ಜಿಲ್ಲೆಯ ಜನಸಂಖ್ಯೆಯು ಬೆಳೆದುದನ್ನೆಲ್ಲ ಡಿ.ಡಿ.ಟಿ.ಯ ಖಾತೆಗೇ ಬರೆಯುವುದು ಆ ತಜ್ಞರು ಕೇಳದಿದ್ದ ಪ್ರಶ್ನೆಗೆ ಅವರ ಉತ್ತರವನ್ನು ಬಳಸಿದಂತೆ. ೧೯೫೦ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಿತು. ಅದರೊಡನೆ ಹೊರಗಿನ ಜನರೂ ಬಂದರು.

೫

ಜನಸಂಖ್ಯೆಯಿಂದ ಭೂಮಿಯ ಕಡೆಗೆ ತಿರುಗಿದರೂ ಇದೇ ಮಾತು ಅನ್ವಯಿಸುತ್ತದೆ. ಒಂದು ಎಕರೆ ಅಡಿಕೆಯ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವೆಂಬುದು ಈ ತಾಲೂಕುಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಈ ಅನುಪಾತವನ್ನು ತೋಟದ ಒಟ್ಟು ವಿಸ್ತೀರ್ಣಕ್ಕೆ ಗುಣಿಸಿ, ಇಷ್ಟು ಕಾಡು ತೋಟಿಗರಿಂದ ಹಾಳಾಯಿತೆಂದು ಒಬ್ಬರೂ, ಇಷ್ಟು ಕಾಡು ತೋಟಿಗರಿಂದ ಉಳಿಯಿತೆಂದು ಮತ್ತೊಬ್ಬರೂ ವಾದಿಸಬಹುದು. ಇಬ್ಬರ ಗುಣಾಕಾರವೂ ಸರಿಯಾಗಿರಬಹುದು. ಆದರೆ ಒಂಬತ್ತೆಂಬುದು ಹಕ್ಕಿನ ಪರಿಮಿತಿಯನ್ನು ಹೇಳುವ ಸಂಖ್ಯೆ. ವಾಸ್ತವವಾಗಿ ಯಾವ ತೋಟಕ್ಕೆ ಎಷ್ಟು ಬೆಟ್ಟ ದೊರೆತಿತ್ತು, ಅದರಿಂದ ವರ್ಷಕ್ಕೆ ಎಷ್ಟು ಹೊರೆ ಹಸಿಸೊಪ್ಪು, ಎಷ್ಟು ಹೊರೆ ದರಕು ಬರುತ್ತಿತ್ತು, ಬೆಟ್ಟದ ಮರಗಳು ಯಾವ ಸ್ಥಿತಿಯಲ್ಲಿದ್ದವು ಎಂಬುದನ್ನು ಅದು ಹೇಳದು. ಹೊರೆಯಾದರೂ ಹೊರುವವರ ಶಕ್ತಿಯನ್ನೂ ದಾರಿಯ ಏರನ್ನೂ ಅವಲಂಬಿಸಿ ಬದಲಾಗುವ ಅಳತೆ. ಕಾಯಿದೆಯ ಸಂಖ್ಯೆಯನ್ನು ಅಳತೆಯ ಸಂಖ್ಯೆಯೆಂದು ತಿಳಿದಾಗ ವಿವಾದವು ಬೆಳೆಯುತ್ತದೆಯೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ. ತೋಟಿಗರು ಕಾಡಿನ ವೈರಿಗಳೋ ರಕ್ಷಕರೋ ಎಂಬ ಪ್ರಶ್ನೆಯು ಅನೇಕ ಮನೆತನಗಳ ಜೀವನೋಪಾಯಕ್ಕೆ ಸಂಬಂಧಿಸಿದ್ದು. ಅದನ್ನು ತಪ್ಪಾಗಿ ಕೇಳಿದ ಪ್ರಶ್ನೆಯ ಉತ್ತರದಿಂದ ತೀರ್ಮಾನಿಸಲಾಗದು.

೬

ಸಂಖ್ಯಾಶಾಸ್ತ್ರಜ್ಞರೇ ಈ ವಿಷಯದಲ್ಲಿ ನಮಗೆ ಎಚ್ಚರಿಕೆ ಕೊಟ್ಟಿದ್ದಾರೆ. ರೊನಾಲ್ಡ್ ಫಿಶರ್ ಅವರು ೧೯೩೮ರಲ್ಲಿ ಭಾರತದ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷಪೀಠದಿಂದ ಮಾತನಾಡುತ್ತ, ಪ್ರಯೋಗವು ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಶವಪರೀಕ್ಷೆಗೆ ಕರೆದಂತೆ ಎಂಬರ್ಥದ ಮಾತನ್ನಾಡಿದರು. ಆ ಪ್ರಯೋಗವು ಏತರಿಂದ ಸತ್ತಿತೆಂಬುದನ್ನಷ್ಟೇ ಆತನು ಹೇಳಬಲ್ಲನು. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಅಂದಾಜು ಮಾಡುವಾಗ, ದೊಡ್ಡ ಪ್ರಮಾಣದ ಸಮೀಕ್ಷೆಗೆ ಮೊದಲು ಚಿಕ್ಕ ಪ್ರಮಾಣದ ಪರೀಕ್ಷಾರ್ಥ ಸಮೀಕ್ಷೆಗಳನ್ನು ನಡೆಸಿದರು. ಹೆಗ್ಗರಣೆಯ ಐದು ಮನೆಗಳಲ್ಲಿ ಅಂಥ ಪರೀಕ್ಷೆಯನ್ನು ನಾವು ನಡೆಸಿದ್ದರೆ ಪ್ರಶ್ನಾವಳಿಯ ದೋಷವು ಮೊದಲ ದಿನವೇ ಬಯಲಾಗುತ್ತಿತ್ತು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಇತಿಹಾಸಕಾರನು ಪ್ರಯೋಗಶಾಲೆಯ ವಿಜ್ಞಾನಿಯಲ್ಲ. ಆಕರಗಳು ಏನು ಹೇಳುತ್ತವೆಯೆಂಬುದು ಅವುಗಳನ್ನು ಓದುವವರೆಗೆ ತಿಳಿಯದು. ಪ್ರಶ್ನೆಯನ್ನು ಮೊದಲೇ ಬಿಗಿಗೊಳಿಸಿದವನು ಅನಿರೀಕ್ಷಿತವಾದುದನ್ನು ಕಾಣದೆ ಹೋಗಬಹುದು. ಈ ಆಕ್ಷೇಪದಲ್ಲಿ ತಥ್ಯವಿದೆ. ಸೊಪ್ಪಿನ ಬೆಟ್ಟದ ವಿಚಾರವನ್ನು ಹುಡುಕುತ್ತ ಹೋದವನಿಗೆ ಕೂಲಿಕಾರರ ಸಂಚಾರದ ದಾಖಲೆ ಸಿಕ್ಕರೆ ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಓದಿನ ಹಂತಕ್ಕೆ ಸ್ವಾತಂತ್ರ್ಯವಿರಲಿ. ಆದರೆ ಓದಿನಿಂದ ಲೆಕ್ಕಕ್ಕೆ ದಾಟುವ ಸ್ಥಳದಲ್ಲಿ ನಿಂತು ಪ್ರಶ್ನೆಯನ್ನು ಬರೆದಿಡಬೇಕು. ಲೆಕ್ಕದ ನಡುವೆ ಪ್ರಶ್ನೆಯನ್ನು ಬದಲಿಸಬೇಕಾದರೆ ಬದಲಿಸಿದೆನೆಂದು ಒಪ್ಪಿ ಬರೆಯಬೇಕು. ಲೆಕ್ಕ ಮುಗಿದ ಮೇಲೆ ಬಂದ ಉತ್ತರಕ್ಕೆ ತಕ್ಕಂತೆ ಪ್ರಶ್ನೆಯನ್ನು ಹೊಂದಿಸಿ, ಅದು ಮೊದಲಿನಿಂದಲೂ ಹಾಗೆಯೇ ಇತ್ತೆಂದು ತೋರಿಸುವುದು ಮಾತ್ರ ಸಲ್ಲದು.

ಆದುದರಿಂದ ಅಂಕಿಗಳನ್ನು ಬಳಸುವ ಪ್ರತಿಯೊಂದು ಪ್ರಬಂಧಕ್ಕೂ ಮೊದಲು ಒಂದೇ ಪುಟದ ಒಂದು ಬರಹವನ್ನು ವಿದ್ಯಾರ್ಥಿಯಿಂದ ಪಡೆಯಬೇಕೆಂದು ನಮ್ಮ ಸಲಹೆ. ಎಣಿಕೆಗೆ ಸೇರುವವರು ಯಾರು, ಸೇರದವರು ಯಾರು, ಸ್ಥಳದ ಗಡಿ ಯಾವುದು, ಎರಡು ಕಾಲಗಳಲ್ಲಿಯೂ ಅದು ಒಂದೆಯೋ, ಎಣಿಸಿದ ದಿನ ಯಾವುದು, ಮೂಲದಲ್ಲಿ ಎಣಿಸಿದವರು ಯಾವ ಉದ್ದೇಶದಿಂದ ಎಣಿಸಿದರು, ಯಾವುದರೊಡನೆ ಹೋಲಿಕೆ, ಕೊನೆಯದಾಗಿ, ಯಾವ ಉತ್ತರವು ಬಂದರೆ ನಮ್ಮ ಊಹೆಯು ತಪ್ಪೆಂದು ಒಪ್ಪುವೆವು. ಈ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲಾಗದಿದ್ದರೆ ಸಮಸ್ಯೆಯು ಇನ್ನೂ ರೂಪುಗೊಂಡಿಲ್ಲವೆಂದೇ ತಿಳಿಯಬೇಕು.

೭

ನಮ್ಮ ವಿದ್ಯಾರ್ಥಿಯು ಈ ಪುಟವನ್ನು ಮೂರು ಸಲ ತಿದ್ದಿ ಬರೆದರು. ಈಗ ಅವರ ಪ್ರಶ್ನೆ ಹೀಗಿದೆ: ೧೯೦೧ ಮತ್ತು ೧೯೧೧ರ ಗಣತಿಯ ರಾತ್ರಿಗಳಂದು ಸಿದ್ದಾಪುರ ತಾಲೂಕಿನಲ್ಲಿ ಹಾಜರಿದ್ದವರ ಸಂಖ್ಯೆಯಲ್ಲಿ ಆದ ವ್ಯತ್ಯಾಸವು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಸಮಪ್ರಮಾಣದ್ದೆ? ಸುಗ್ಗಿಗೆ ಘಟ್ಟವೇರುವವರಲ್ಲಿ ಗಂಡಸರೇ ಹೆಚ್ಚೆಂಬ ತಿಳಿವಳಿಕೆಯಿಂದ ಹೊರಟರೆ, ಗಂಡಸರ ಸಂಖ್ಯೆಯಲ್ಲಿ ಮಾತ್ರ ಎದ್ದುಕಾಣುವ ಇಳಿತವು ಕೂಲಿಕಾರರ ಸಂಚಾರದ ಕಡೆಗೆ ಬೆರಳುಮಾಡುತ್ತದೆ. ಇಬ್ಬರಲ್ಲಿಯೂ ಸಮನಾದ ಇಳಿತವಿದ್ದರೆ ಆ ಊಹೆಯನ್ನು ಬಿಟ್ಟು ರೋಗದ ಅಥವಾ ಕುಟುಂಬಸಮೇತವಾದ ವಲಸೆಯ ಕಡೆಗೆ ತಿರುಗಬೇಕಾಗುತ್ತದೆ. ಮೊದಲಿನ ಶೀರ್ಷಿಕೆಯ ಮುಂದೆ ಈ ಪ್ರಶ್ನೆಯು ಚಿಕ್ಕದಾಗಿ ಕಾಣಬಹುದು. ಆದರೆ ಇದಕ್ಕೆ ಉತ್ತರವುಂಟು; ಆ ಉತ್ತರವನ್ನು ಮತ್ತೊಬ್ಬರು ಪರಿಶೀಲಿಸಬಹುದು.

ಇದು ಗತಕಾಲಕ್ಕೆ ಮಾತ್ರ ಸಂಬಂಧಿಸಿದ ವಿಚಾರವೆಂದು ಯಾರೂ ಭಾವಿಸಬಾರದು. ಮಲೆನಾಡಿನ ಕಿರಿಯ ಪ್ರಾಥಮಿಕ ಶಾಲೆಗಳು ಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣದಿಂದ ಮುಚ್ಚುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಒಂದು ಶಾಲೆಗೆ ಎಷ್ಟು ಮಕ್ಕಳೆಂಬುದು ಒಂದು ಪ್ರಶ್ನೆ. ಆ ಶಾಲೆ ಇಲ್ಲದೆ ಹೋದರೆ ಹಳ್ಳ ದಾಟಿ ಮಳೆಗಾಲದಲ್ಲಿ ಎಷ್ಟು ದೂರ ನಡೆಯಬೇಕಾದ ಮಕ್ಕಳು ಎಷ್ಟೆಂಬುದು ಮತ್ತೊಂದು ಪ್ರಶ್ನೆ. ಯಾವ ಪ್ರಶ್ನೆಯನ್ನು ಕೇಳಬೇಕೆಂದು ಗೊತ್ತುಮಾಡಿದವರು ಅರ್ಧ ತೀರ್ಮಾನವನ್ನು ಆಗಲೇ ಮಾಡಿರುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಇಂಥ ಕಚೇರಿಗಳಲ್ಲಿ ಕುಳಿತು ಕೋಷ್ಟಕಗಳನ್ನು ತುಂಬುವವರು, ಇಲ್ಲವೆ ಅವುಗಳ ಆಧಾರದಿಂದ ಆಜ್ಞೆಗಳನ್ನು ಬರೆಯುವವರು. ಲೆಕ್ಕಕ್ಕೆ ಮೊದಲು ‘ಯಾವ ಲೆಕ್ಕ ಬೇಕು?’ ಎಂದು ಕೇಳುವ ಅಭ್ಯಾಸವನ್ನು ಅವರು ಇಲ್ಲಿಂದಲೇ ಪಡೆದುಕೊಂಡು ಹೋಗುವಂತೆ ಮಾಡುವುದು ನಮ್ಮ ವಿಭಾಗಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.